ನೆರೆಯ ದಿನಗಳಲ್ಲಿ ನೆರೆಹೊರೆ: ಊರ ಚರ್ಚು ಮತ್ತು ವಿಪತ್ತಿನ ನೆರವು



ದತ್ತಿ ಉಪನ್ಯಾಸವೆಂದರೆ ವಿಷಯ ಗಂಭೀರವಾಗಿರಬೇಕು ಎಂಬುದು ವಾಡಿಕೆ. ಶೀರ್ಷಿಕೆಯಲ್ಲಿ ಚರ್ಚು ಎಂದಿರುವುದನ್ನು ನೋಡಿ ಧರ್ಮಶಾಸ್ತ್ರದ ವಿಚಾರ ನಿರೀಕ್ಷಿಸಿ ಬಂದವರೂ ಇಲ್ಲಿರಬಹುದು. ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ಮುಂದಿನ ಒಂದು ಗಂಟೆ ನಾನು ಹೆಚ್ಚಾಗಿ ಮಾತನಾಡುವುದು ಕುಟುಂಬಗಳ ಪಟ್ಟಿ, ಶೌಚಾಲಯ, ಬೀಗದ ಕೈ ಮತ್ತು ರಸೀದಿ ಪುಸ್ತಕದ ಬಗ್ಗೆ. ವಿಪತ್ತಿನ ದಿನ ಪ್ರೀತಿಗೆ ಕೊರತೆ ಇರುವುದಿಲ್ಲ. ಊರೆಲ್ಲ ಮರುಗುತ್ತದೆ, ಊರೆಲ್ಲ ಅಕ್ಕಿ ತರುತ್ತದೆ. ಸಿಗದೆ ಹೋಗುವುದು ಈ ನಾಲ್ಕು.

ವ್ಯಾಪ್ತಿಯನ್ನೂ ಸ್ಪಷ್ಟಪಡಿಸುತ್ತೇನೆ. ದೇಶ ವಿಭಜನೆಯ ನಿರಾಶ್ರಿತರಿಗಾಗಿ 1947ರಲ್ಲಿ ಕೆಲಸ ಆರಂಭಿಸಿದ ಕಾಸಾ, 1962ರಲ್ಲಿ ಹುಟ್ಟಿದ ಕಾರಿತಾಸ್ ಇಂಡಿಯಾ, ಬಿಹಾರದ ಬರದ ಕಾಲದಲ್ಲಿ 1967ರಲ್ಲಿ ರೂಪುಗೊಂಡ ಎಫಿಕೋರ್, ಇಂಥ ದೊಡ್ಡ ಕ್ರೈಸ್ತ ಸಂಸ್ಥೆಗಳ ಕೆಲಸ ನನ್ನ ವಿಷಯವಲ್ಲ. ಅವರಿಗೆ ಅನುಭವವಿದೆ, ಗೋದಾಮುಗಳಿವೆ, ತಜ್ಞರಿದ್ದಾರೆ. ಆದರೆ ಅವರು ಎಷ್ಟೇ ಬೇಗ ಹೊರಟರೂ ಬಂದು ತಲುಪಲು ಕೆಲವು ದಿನ ಬೇಕು. ಮತ್ತು ಒಂದು ದಿನ ಅವರು ಹಿಂದಿರುಗಲೇಬೇಕು. ಅವರು ಬರುವ ಮೊದಲಿನ ಗಂಟೆಗಳಲ್ಲಿ ಮತ್ತು ಅವರು ಹೋದ ಮೇಲಿನ ತಿಂಗಳುಗಳಲ್ಲಿ, ನೂರಿನ್ನೂರು ಕುಟುಂಬಗಳ ಒಂದು ಸಾಮಾನ್ಯ ಊರ ಚರ್ಚು ಏನು ಮಾಡಬಲ್ಲದು? ನನ್ನ ಪ್ರಶ್ನೆ ಇಷ್ಟೇ. ಇತಿಹಾಸ, ಪಟ್ಟಿ, ಸೂರು, ಹಣ ಎಂಬ ಕ್ರಮದಲ್ಲಿ ಹೋಗೋಣ. ಸಮಯ ಉಳಿದರೆ ಕ್ಯಾಮೆರಾಗಳು ಹೊರಟುಹೋದ ಮೇಲಿನ ಕಾಲದ ಬಗ್ಗೆ ನಾಲ್ಕು ಮಾತು.

ಮೊದಲು ಇತಿಹಾಸ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876-78ರ ಕ್ಷಾಮವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಹತ್ತು ವರ್ಷಗಳ ನಂತರದ ಗಣತಿಯಲ್ಲಿ ಆ ಸಂಖ್ಯೆ 42 ಲಕ್ಷದ ಒಳಗೆ ಇಳಿದಿತ್ತು. ತಂದೆತಾಯಿ ಸತ್ತು ದಾರಿಯಲ್ಲಿ ಉಳಿದ ಮಕ್ಕಳನ್ನು ಮಿಷನರಿಗಳು ಎತ್ತಿಕೊಂಡರು. ಕ್ಯಾಥೊಲಿಕ್ ಗುರುಗಳು ಆಗಿನ ನೆಲಮಂಗಲ ತಾಲೂಕಿನ ಸಿಲುವೆಪುರದಲ್ಲಿ, ಕಾನಕಾನಹಳ್ಳಿ ಅಂದರೆ ಇಂದಿನ ಕನಕಪುರ ತಾಲೂಕಿನ ಮರಿಯಾಪುರದಲ್ಲಿ ಬೇಸಾಯದ ಜಮೀನು ಮಾಡಿ, ಬರದ ಅನಾಥರನ್ನೇ ನೆಲೆಗೊಳಿಸಿ ಊರು ಕಟ್ಟಿದರು. ವೆಸ್ಲಿಯನ್ ಮಿಷನ್ ಹಾಸನ, ತುಮಕೂರುಗಳಲ್ಲಿ ಅನಾಥಾಲಯ ನಡೆಸಿತು.

ಆ ಮಕ್ಕಳು ಬದುಕಿದರು. ಅವರು ಕ್ರೈಸ್ತರಾಗಿ ಬೆಳೆದರು. ಈ ಎರಡು ಸಂಗತಿಗಳಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ನುಂಗಿಕೊಳ್ಳುವ ಅಭ್ಯಾಸ ಎರಡೂ ಕಡೆ ಇದೆ. ಮಿಷನ್ನಿನ ಚರಿತ್ರೆ ಬರೆಯುವವರು ಜೀವ ಉಳಿಸಿದ್ದನ್ನು ಹಾಡಿ ಹೊಗಳುತ್ತಾರೆ. ಟೀಕಾಕಾರರು ಧರ್ಮ ಬದಲಾದದ್ದನ್ನಷ್ಟೇ ಎಣಿಸುತ್ತಾರೆ. ನನ್ನ ಮಟ್ಟಿಗೆ, ಸಾಯುವ ಮಗುವನ್ನು ಎತ್ತಿಕೊಂಡ ಕೈಯನ್ನು ಇಂದಿನ ತಂಪು ಕೋಣೆಯಲ್ಲಿ ಕುಳಿತು ದೂರುವ ಧೈರ್ಯ ನನಗಿಲ್ಲ. ಆದರೆ ಆ ಕಾಲದ ನೆರಳು ಇನ್ನೂ ಸರಿದಿಲ್ಲ ಎಂಬುದೂ ನಿಜ. ಇಂದಿಗೂ ಚರ್ಚಿನ ವ್ಯಾನು ಪ್ರವಾಹದ ಊರಿಗೆ ಹೋದರೆ, ಅಕ್ಕಿಯ ಮೂಟೆಯ ಹಿಂದೆ ಇನ್ನೇನಿದೆ ಎಂದು ಇಣುಕುವವರಿದ್ದಾರೆ. ಕೆಲವರದು ಬರೀ ದ್ವೇಷ. ಉಳಿದವರದು ನ್ಯಾಯವಾದ ಅನುಮಾನ. ಅದಕ್ಕೆ ನಡತೆಯಿಂದ ಉತ್ತರ ಕೊಡಬೇಕು.

ಉತ್ತರ ಬರಹದಲ್ಲಿ ಆಗಲೇ ಇದೆ. 1994ರಲ್ಲಿ ರೆಡ್ ಕ್ರಾಸ್ ಚಳವಳಿಯೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ ವಿಪತ್ತು ಪರಿಹಾರಕ್ಕೊಂದು ನೀತಿಸಂಹಿತೆ ರೂಪಿಸಿದವು. ನೆರವು ಕೊಡುವಾಗ ಜನಾಂಗ, ಮತ, ರಾಷ್ಟ್ರೀಯತೆ ನೋಡಬಾರದು. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎಂದು ಅದು ಹೇಳುತ್ತದೆ. ಅದರ ಪ್ರಾಯೋಜಕರ ಸಾಲಿನಲ್ಲಿ ಕಾರಿತಾಸ್ ಇಂಟರ್‌ನ್ಯಾಷನಾಲಿಸ್, ಲೂಥರನ್ ವಿಶ್ವ ಒಕ್ಕೂಟ, ಚರ್ಚುಗಳ ವಿಶ್ವ ಮಂಡಳಿ ಇವೆ. ಅಂದರೆ ಈ ಕಟ್ಟಳೆಯನ್ನು ಯಾರೋ ಚರ್ಚುಗಳ ತಲೆಗೆ ಕಟ್ಟಲಿಲ್ಲ. ಕಟ್ಟಿದವರಲ್ಲಿ ಚರ್ಚುಗಳೇ ಇದ್ದವು. ಆದರೂ ನಮ್ಮ ಎಷ್ಟು ಪಾಲನಾ ಸಮಿತಿಗಳು ಆ ಸಂಹಿತೆಯ ಹೆಸರು ಕೇಳಿವೆ?

ಊರ ಮಟ್ಟದಲ್ಲಿ ಇದರ ಅರ್ಥ ಸರಳ. ಊಟದ ಸಾಲಿನ ಮುಂದೆ ಪ್ರಾರ್ಥನೆ ಬೇಡ. ಅಕ್ಕಿಯ ಚೀಲದೊಳಗೆ ಕರಪತ್ರ ಬೇಡ. ಬದುಕುಳಿದವರನ್ನು ಕರೆತಂದು ಸಾಕ್ಷಿ ಹೇಳಿಸುವುದಂತೂ ಬೇಡವೇ ಬೇಡ. ಯಾರಾದರೂ ತಾವಾಗಿ ಪ್ರಾರ್ಥನೆ ಕೇಳಿದರೆ ಅದಕ್ಕೆ ಬೇರೆ ಕೋಣೆಯಿದೆ, ಬೇರೆ ಹೊತ್ತಿದೆ. ಇನ್ನು ಅನಾಥ ಮಕ್ಕಳ ಮಾತು. 1877ರಲ್ಲಿ ಮಗುವನ್ನು ಎತ್ತಿಕೊಂಡು ಹೋಗುವುದೇ ದಯೆಯಾಗಿತ್ತು. ಇಂದು ಒಂಟಿಯಾಗಿ ಸಿಕ್ಕ ಮಗುವನ್ನು ನಮ್ಮ ಹಾಸ್ಟೆಲಿಗೆ ಸೇರಿಸಿಕೊಳ್ಳುವಂತಿಲ್ಲ. 1098ಕ್ಕೆ ತಿಳಿಸಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಚಿಕ್ಕಪ್ಪನೋ ಅಜ್ಜಿಯೋ ಪಕ್ಕದ ಜಿಲ್ಲೆಯ ಶಿಬಿರದಲ್ಲಿ ಅದೇ ಮಗುವನ್ನು ಹುಡುಕುತ್ತಿರಬಹುದು. ಕಾನೂನಿನ ಹಿಂದಿರುವ ವಿವೇಕ ಅದು.

ಒಂದು ಅಂಕಿಯನ್ನೂ ಗಮನಿಸಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87. ಆದ್ದರಿಂದ ಈ ರಾಜ್ಯದಲ್ಲಿ ಯಾವ ಹೊಳೆ ಉಕ್ಕಿದರೂ ಯಾವ ಗುಡ್ಡ ಕುಸಿದರೂ ನೊಂದವರಲ್ಲಿ ಬಹುಪಾಲು ಚರ್ಚಿನ ಸದಸ್ಯರಾಗಿರುವುದಿಲ್ಲ. ನಮ್ಮವರಿಗೆ ಮೊದಲು ಎನ್ನುವ ಚರ್ಚು ಕರ್ನಾಟಕದಲ್ಲಿ ನೆರವಿನ ಕೆಲಸಕ್ಕೆ ಇಳಿಯುವ ಅಗತ್ಯವೇ ಇಲ್ಲ. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಸತ್ತವರಲ್ಲಿ ನಮ್ಮ ರಾಜ್ಯದಿಂದ ದುಡಿಯಲು ಹೋದವರೂ ಇದ್ದರು. ಗುರುತು ಹತ್ತದ ದೇಹಗಳನ್ನು ಪುತ್ತುಮಲದಲ್ಲಿ ಮಣ್ಣು ಮಾಡುವಾಗ ಹಿಂದೂ, ಮುಸ್ಲಿಂ, ಕ್ರೈಸ್ತ ಪ್ರಾರ್ಥನೆಗಳು ಮೂರೂ ನಡೆದವು. ಯಾರ ದೇಹ ಯಾವ ಧರ್ಮದ್ದೆಂದು ಗೊತ್ತಿರಲಿಲ್ಲವಲ್ಲ.

ಇತಿಹಾಸ ಇಲ್ಲಿಗೆ ಸಾಕು. ಎರಡನೆಯ ವಿಷಯಕ್ಕೆ, ಪಟ್ಟಿಗೆ ಬರುತ್ತೇನೆ. ನನ್ನ ಉಪನ್ಯಾಸದ ತಿರುಳು ಇಲ್ಲೇ ಇರುವುದರಿಂದ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಕ್ರೈಸ್ತ ಕೇಳುಗರಿಗೆ ಗೊತ್ತಿದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನನಿತ್ಯ ಆಹಾರ ಹಂಚಲಾಗುತ್ತಿತ್ತು. ಗ್ರೀಕ್ ಮಾತಾಡುವ ವಿಧವೆಯರನ್ನು ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ಗುಣುಗುಣು ಎದ್ದಿತು. ಅಪೊಸ್ತಲರು ಏನು ಮಾಡಿದರು? ದೂರಿದವರನ್ನು ಗದರಲಿಲ್ಲ. ಹಂಚಿಕೆಯನ್ನು ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಲು ಹೇಳಿದರು. ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಅನ್ಯಾಯವಾಯಿತೆಂದ ಪಂಗಡದ ಕೈಗೇ ಸೌಟು ಕೊಟ್ಟಂತಾಯಿತು. ಚರ್ಚಿನ ಆಡಳಿತದ ಮೊದಲ ಸುಧಾರಣೆ ಹುಟ್ಟಿದ್ದು ಸಿದ್ಧಾಂತದ ವಾದದಿಂದಲ್ಲ, ಪಡಿತರದ ಪಟ್ಟಿಯಿಂದ. ಇದನ್ನು ನಾವು ಸಾಕಷ್ಟು ಮೆಲುಕು ಹಾಕಿಲ್ಲ ಎಂದು ನನಗನ್ನಿಸುತ್ತದೆ.

ಪಟ್ಟಿಯ ಬೆಲೆ ಎಂಥದು ಎಂಬುದು 2017ರಲ್ಲಿ ನಮ್ಮ ಪಕ್ಕದಲ್ಲೇ ಗೊತ್ತಾಯಿತು. ಆ ವರ್ಷದ ನವೆಂಬರ್ 30ರ ಹೊತ್ತಿಗೆ ಓಖಿ ಚಂಡಮಾರುತ ಕನ್ಯಾಕುಮಾರಿ, ತಿರುವನಂತಪುರಗಳ ತೀರದ ಪಕ್ಕದಲ್ಲಿ ಹಾದುಹೋದಾಗ ನೂರಾರು ದೋಣಿಗಳು ಆಳಕಡಲಿನಲ್ಲಿದ್ದವು. ಎಚ್ಚರಿಕೆ ತಲುಪುವ ಹೊತ್ತಿಗೆ ತಡವಾಗಿತ್ತು. ಗಾಳಿಗೆ ಸಿಕ್ಕ ಕೆಲವು ದೋಣಿಗಳು ಲಕ್ಷದ್ವೀಪಕ್ಕೆ, ಇನ್ನು ಕೆಲವು ಕರ್ನಾಟಕ, ಮಹಾರಾಷ್ಟ್ರದ ತೀರಕ್ಕೆ ಹೋಗಿ ಬಿದ್ದವು. ಎಷ್ಟು ಜನ ಕಾಣೆಯಾಗಿದ್ದಾರೆ ಎಂಬುದಕ್ಕೆ ಸರ್ಕಾರದ ಬಳಿ ಒಂದು ಲೆಕ್ಕ, ಲ್ಯಾಟಿನ್ ಚರ್ಚಿನ ಬಳಿ ಇನ್ನೊಂದು ಲೆಕ್ಕ ಇತ್ತು. ಚರ್ಚಿನ ಪಟ್ಟಿ ಮನೆಮನೆಯಿಂದ ಬಂದದ್ದು. ಯಾವ ಮನೆಯ ಗಂಡಸು ಯಾವ ದೋಣಿಯಲ್ಲಿ ಯಾರ ಜೊತೆ ಹೊರಟ ಎಂಬುದು ಆ ಕೇರಿಯ ಹೆಂಗಸರಿಗೆ ಗೊತ್ತಿತ್ತು. ಆ ಕೇರಿ ಚರ್ಚಿಗೆ ಗೊತ್ತಿತ್ತು. ಕಚೇರಿಯ ಕಡತಕ್ಕೆ ಅಷ್ಟು ಗೊತ್ತಿರಲಿಲ್ಲ.

ನಮ್ಮಲ್ಲಿ ಇಂಥ ವ್ಯವಸ್ಥೆ ಇಲ್ಲವೇ? ಇದೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಚರ್ಚುಗಳಲ್ಲಿ ಪ್ರತಿ ವಾಡೆಗೊಬ್ಬ ಗುರ್ಕಾರ ಇರುತ್ತಾನೆ. ಮದುವೆ, ಸಾವು, ಜಗಳ, ವಂತಿಗೆ ಎಲ್ಲಕ್ಕೂ ಅವನೇ ಮುಂದೆ. ಸಿಎಸ್‌ಐ ಸಭೆಗಳಲ್ಲಿ ಸಭಾಹಿರಿಯರಿದ್ದಾರೆ, ಮನೆಮನೆ ಸುತ್ತುವ ಸ್ತ್ರೀಸಂಘವಿದೆ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುವ ರೂಢಿಯನ್ನು 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡೆರಿಕ್ ಓಜನಾಂ ಮತ್ತು ಗೆಳೆಯರು ಶುರುಮಾಡಿದ ದಿನದಿಂದ ಉಳಿಸಿಕೊಂಡಿದ್ದಾರೆ. ಬಾಡಿಗೆ ಕೋಣೆಯಲ್ಲಿ ಕೂಡುವ ಪೆಂತೆಕೋಸ್ತ್ ಸಭೆಗೆ ಕಟ್ಟಡವಿಲ್ಲದಿದ್ದರೂ, ಯಾರ ಮನೆಯಲ್ಲಿ ಕಾಯಿಲೆಯಿದೆ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ನಮ್ಮ ಚರ್ಚುಗಳಲ್ಲಿ ಸಮಿತಿಗೆ ಬರವಿಲ್ಲ. ಹಬ್ಬಕ್ಕೆ ಸಮಿತಿ, ಬೆಳೆಹಬ್ಬದ ಹರಾಜಿಗೆ ಸಮಿತಿ, ಬ್ಯಾಂಡಿಗೂ ಸಮಿತಿ. ಮಳೆಗಾಲಕ್ಕೆ ಮಾತ್ರ ಇಲ್ಲ.

ಹಾಗಾದರೆ ಆ ಪಟ್ಟಿಯಲ್ಲಿ ಏನಿರಬೇಕು? ಕುಟುಂಬದ ಯಜಮಾನನ ಹೆಸರು, ಸದಸ್ಯತ್ವದ ವಂತಿಗೆ ಎಷ್ಟು ಬಾಕಿ ಎಂಬುದು ಈಗಾಗಲೇ ಇರುತ್ತದೆ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ಡಯಾಲಿಸಿಸ್‌ಗೆ ಹೋಗುವವರು ಯಾರು, ಇನ್ಸುಲಿನ್ ಯಾರಿಗೆ ಬೇಕು, ತುಂಬು ಬಸುರಿ ಯಾರು, ಕಿವಿ ಕೇಳದವರು ಯಾರು, ಮಕ್ಕಳೆಲ್ಲ ಗಲ್ಫಿಗೆ ಹೋಗಿ ಒಂಟಿಯಾಗಿ ಉಳಿದ ಮುದುಕರು ಯಾರು, ಇವು ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ನೀರು ಏರುವಾಗ ಬೇಕಾಗುವುದು ಇವೇ.

ಪಟ್ಟಿಗೆ ಇನ್ನೊಂದು ಮಗ್ಗುಲೂ ಉಂಟು: ಕೊಡಬಲ್ಲವರು ಯಾರು? ಯಾರ ಬಳಿ ಜೀಪಿದೆ, ಜೆಸಿಬಿ ಇದೆ, ಜನರೇಟರ್ ಇದೆ; ಯಾರು ನರ್ಸ್, ಯಾರು ಎಲೆಕ್ಟ್ರಿಷಿಯನ್, ನೂರು ಜನಕ್ಕೆ ಗಂಜಿ ಬೇಯಿಸಬಲ್ಲವರು ಯಾರು. 2018ರ ಆಗಸ್ಟ್‌ನಲ್ಲಿ ಕೇರಳದ ಅಣೆಕಟ್ಟೆಗಳ ಬಾಗಿಲು ಒಂದಾದ ಮೇಲೊಂದು ತೆರೆದು ಚೆಂಗನ್ನೂರು, ಆಲುವಾ ಸೀಮೆ ಮುಳುಗಿದಾಗ, ಕಡಲ ದಂಡೆಯ ಹಲವು ಚರ್ಚುಗಳ ಮೂಲಕ ಮೀನುಗಾರರಿಗೆ ಕರೆ ಹೋಯಿತು. ತಮ್ಮ ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಅವರು ಒಳನಾಡಿಗೆ ಬಂದರು; ಸಾವಿರಾರು ಜನರನ್ನು ಮಹಡಿಗಳಿಂದ ಇಳಿಸಿದರು. ಲ್ಯಾಟಿನ್ ಕ್ಯಾಥೊಲಿಕರ ಜೊತೆ ಮುಸ್ಲಿಂ, ಹಿಂದೂ ಮೀನುಗಾರರೂ ಇದ್ದರು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರನ್ನು ಕೇರಳದ ಸ್ವಂತ ಸೈನ್ಯವೆಂದು ಕರೆದರು. ಹಿಂದಿನ ವರ್ಷವಷ್ಟೇ ಓಖಿಯಲ್ಲಿ ತಮ್ಮವರನ್ನು ಕಳೆದುಕೊಂಡಿದ್ದ ಕೇರಿಗಳಿಂದಲೂ ಆ ದೋಣಿಗಳು ಬಂದವು. ನಮ್ಮ ಮಲ್ಪೆ, ಗಂಗೊಳ್ಳಿ, ಕಾರವಾರದ ಚರ್ಚುಗಳು ಇಂಥ ಪಟ್ಟಿ ಇಟ್ಟಿವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಪಟ್ಟಿ ಚರ್ಚಿನ ಸದಸ್ಯರಷ್ಟಕ್ಕೇ ನಿಂತರೆ ಅದು ಅರ್ಧ ಪಟ್ಟಿ. ಆದರೆ ಚರ್ಚಿನವರು ಪುಸ್ತಕ ಹಿಡಿದು ಹಿಂದೂ, ಮುಸ್ಲಿಂ ಮನೆಗಳ ಬಾಗಿಲು ತಟ್ಟಿ ಕಾಯಿಲೆ ಕಸಾಲೆ ಬರೆದುಕೊಳ್ಳಲು ಹೊರಟರೆ ಊರು ಏನೆಂದುಕೊಂಡೀತು? ನಾನು ಆಗಲೇ ಹೇಳಿದ ಅನುಮಾನ ನೆನಪಿರಲಿ. ಆ ಕೆಲಸ ಗ್ರಾಮ ಪಂಚಾಯತಿಯದು, ಆಶಾ ಕಾರ್ಯಕರ್ತೆಯದು. ನಮ್ಮ ಪಟ್ಟಿಯನ್ನು, ಅದರಲ್ಲಿರುವವರ ಒಪ್ಪಿಗೆ ಪಡೆದು, ಪಿಡಿಒ ಕೈಗೆ ಕೊಟ್ಟು ಅವರ ಪಟ್ಟಿಗೆ ಸೇರಿಸುವುದು ಸರಿಯಾದ ದಾರಿ. ದೇವಸ್ಥಾನದ ಸಮಿತಿ, ಜಮಾತ್ ಕೂಡ ಹಾಗೆಯೇ ಕೊಟ್ಟರೆ ಊರಿನ ಪಟ್ಟಿ ಪೂರ್ತಿಯಾಗುತ್ತದೆ. ಯಾವ ಪಟ್ಟಿಯಲ್ಲೂ ಇಲ್ಲದವರು ಯಾರು ಎಂದು ಆಮೇಲೆ ಹುಡುಕಬೇಕು. ಕೊಡಗಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವವರ ಹೆಸರಿನಲ್ಲಿ ಮನೆಯಿಲ್ಲ. ಅಸ್ಸಾಮಿನಿಂದ ಬಂದವರ ಪಡಿತರ ಚೀಟಿ ಅಸ್ಸಾಮಿನಲ್ಲೇ ಇರುತ್ತದೆ. 2004ರ ಸುನಾಮಿಯ ನಂತರ ನಾಗಪಟ್ಟಣದಲ್ಲಿ ಮೀನುಗಾರ ಪಂಚಾಯತಿಗಳ ಮೂಲಕ ನೆರವು ಹಂಚಿದಾಗ ದಲಿತ ಕೂಲಿಗಳು ಮತ್ತು ಇರುಳರು ಹೊರಗುಳಿದರು ಎಂದು ಅನೇಕ ವರದಿಗಳು ದಾಖಲಿಸಿವೆ. ಚರ್ಚಿನೊಳಗೂ ಜಾತಿ ಇದೆ. ನಾವಿಲ್ಲಿ ಅದಿಲ್ಲವೆಂದು ನಟಿಸಬೇಕಾಗಿಲ್ಲ. ಯೆರೂಸಲೇಮಿನ ಏಳು ಮಂದಿಯ ಮಾದರಿ ಹಿಡಿಯುವುದಾದರೆ ಹಂಚುವ ಸಮಿತಿಯಲ್ಲಿ ಮೊದಲು ಕೂರಬೇಕಾದವರು ಇಂಥವರೇ.

ಈಗ ಮೂರನೆಯ ವಿಷಯ: ಸೂರು. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಹೇಳಬೇಕಾದದ್ದು ಸ್ಪಷ್ಟ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಒಂದು ಕಾಲದಲ್ಲಿ ಗಂಜಿ ಕೇಂದ್ರವೆನ್ನುತ್ತಿದ್ದ ಶಿಬಿರಕ್ಕೆ ಈಗ ಕಾಳಜಿ ಕೇಂದ್ರವೆಂಬ ಹೆಸರು ಬಂದಿದೆ. ನಮ್ಮ ಶಾಲೆ, ಸಭಾಂಗಣ ಕಾಳಜಿ ಕೇಂದ್ರವಾಗಬಹುದಾದರೆ ಅದನ್ನು ತಹಶೀಲ್ದಾರರ ಕಚೇರಿಯಲ್ಲಿ ಮಳೆಗೆ ಮೊದಲೇ ದಾಖಲಿಸಿಡಬೇಕು. ಆಗ ಅಕ್ಕಿ, ವೈದ್ಯರು, ಪೊಲೀಸರು ತಾವಾಗಿ ಬರುತ್ತಾರೆ. ಚರ್ಚು ತಾನೇ ತೆರೆದು ತಾನೇ ನಡೆಸುವ ಶಿಬಿರಕ್ಕೆ ಮೂರನೆಯ ದಿನದಿಂದ ಏನೂ ಬರುವುದಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪರಿಹಾರ ಶಿಬಿರಗಳಿಗೆ ಕನಿಷ್ಠ ಮಾನದಂಡಗಳನ್ನು ಗೊತ್ತುಪಡಿಸಿದೆ. ತಲೆಗೆ 3.5 ಚದರ ಮೀಟರ್ ಸೂರಿನ ಜಾಗ, ದಿನಕ್ಕೆ ಕನಿಷ್ಠ 3 ಲೀಟರ್ ಕುಡಿಯುವ ನೀರು, ದೊಡ್ಡವರಿಗೆ 2,400 ಕಿಲೊಕ್ಯಾಲರಿ ಆಹಾರ, 30 ಜನಕ್ಕೊಂದು ಶೌಚಾಲಯ, ಅದೂ ಶಿಬಿರದಿಂದ 50 ಮೀಟರ್ ಒಳಗೆ. ನಿಮ್ಮ ಚರ್ಚಿನ ಸಭಾಂಗಣವನ್ನು ಅಳೆದು ನೋಡಿ. 20 ಮೀಟರ್ ಉದ್ದ, 10 ಮೀಟರ್ ಅಗಲ ಇದ್ದರೆ 57 ಜನ. ಮದುವೆ ಊಟಕ್ಕೆ 300 ಜನ ಕೂರುತ್ತಾರಲ್ಲ ಎನ್ನಬೇಡಿ. ಮದುವೆಗೆ ಬಂದವರು ಅಲ್ಲಿ ಮಲಗುವುದಿಲ್ಲ. ಆ 57 ಜನಕ್ಕೆ ಎರಡು ಶೌಚಾಲಯ ಬೇಕು. ನಮ್ಮ ಅನೇಕ ಚರ್ಚುಗಳಲ್ಲಿ ಚಿನ್ನದ ರೇಕಿನ ಬಲಿಪೀಠವಿದೆ, ಹೆಂಗಸರಿಗೆ ಚಿಲಕ ಹಾಕುವ ಶೌಚಾಲಯವಿಲ್ಲ. ಕತ್ತಲಾದ ಮೇಲೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುವ ಶಿಬಿರಗಳಿವೆ. ಕಾರಣವನ್ನು ಅವರು ಯಾವ ಗಂಡಸು ಸ್ವಯಂಸೇವಕನಿಗೂ ಹೇಳುವುದಿಲ್ಲ.

ಚರ್ಚೇ ಎಲ್ಲಿ ನಿಂತಿದೆ ಎಂಬುದೂ ಮುಖ್ಯ. ಮಲೆನಾಡಿನಲ್ಲಿ ಗುಡ್ಡ ಕಡಿದು ಅಂಗಳ ಮಾಡಿ ಕಟ್ಟಿದ ಚರ್ಚುಗಳು ಎಷ್ಟಿಲ್ಲ! 2018ರಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಸೀಮೆಯಲ್ಲಿ ಗುಡ್ಡ ಇಳಿದ ರೀತಿ ನೋಡಿದವರು ಹಿಂದೆ ಕಡಿದ ಇಳಿಜಾರಿರುವ ಯಾವ ಕಟ್ಟಡವನ್ನೂ ಆಶ್ರಯವೆಂದು ಕರೆಯಲು ಹಿಂದೆಮುಂದೆ ನೋಡುತ್ತಾರೆ. ಅಂಥ ಕಡೆ ಚರ್ಚು ತನ್ನ ಸಭಾಂಗಣವನ್ನು ತೆರೆಯುವುದಕ್ಕಿಂತ ಜನರನ್ನು ಬೇರೆಡೆಗೆ ಸಾಗಿಸುವುದು ಮೇಲು. ಬೀಗದ ಕೈ ಗುರುಗಳ ಬಳಿ ಒಂದೇ ಇರಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಗುರುಗಳು ವಾರ್ಷಿಕ ಧ್ಯಾನಕೂಟಕ್ಕೆ ಹೋದ ವಾರವೇ ಹೊಳೆ ಉಕ್ಕಬಹುದು.

ನಾಲ್ಕನೆಯದು ಹಣ ಮತ್ತು ವಸ್ತು. ಸುನಾಮಿಯ ನಂತರ ನಾಗಪಟ್ಟಣದ ರಸ್ತೆಬದಿಯಲ್ಲಿ ಹಳೆ ಬಟ್ಟೆಗಳ ರಾಶಿಗಳು ಬಿದ್ದಿದ್ದನ್ನು ಆಗಿನ ಪತ್ರಿಕೆಗಳಲ್ಲಿ ನೋಡಿದ್ದೀರಿ. ದೇಶದ ಮೂಲೆಮೂಲೆಯಿಂದ ಪ್ರೀತಿಯಿಂದಲೇ ಬಂದದ್ದು. ಮನೆ ಕಳೆದುಕೊಂಡ ಮೀನುಗಾರ ಕುಟುಂಬಗಳು ಬೇರೆಯವರು ಉಟ್ಟು ಬಿಟ್ಟದ್ದನ್ನು ಮುಟ್ಟಲಿಲ್ಲ. ಅವನ್ನು ಸಾಗಿಸಲು ಆಡಳಿತ ಬೇರೆ ಲಾರಿ, ಬೇರೆ ಜನ ಹುಡುಕಬೇಕಾಯಿತು. ಬಡವನಾದ ಮಾತ್ರಕ್ಕೆ ಮಾನ ಹೋಗುವುದಿಲ್ಲ. ನಮ್ಮ ಚರ್ಚಿನ ಬಾಗಿಲಲ್ಲಿ ಹಳೆ ಬಟ್ಟೆಯ ಪೆಟ್ಟಿಗೆ ಇಡುವವರು ಇದನ್ನು ಗಮನಿಸಬೇಕು. ಹೊಸ ಒಳ ಉಡುಪು, ಮುಟ್ಟಿನ ಪ್ಯಾಡು, ರಕ್ತದೊತ್ತಡದ ಮಾತ್ರೆ, ಕನ್ನಡಕ, ಮೊಬೈಲ್ ಚಾರ್ಜರು, ಇವನ್ನು ಯಾರೂ ತರುವುದಿಲ್ಲ, ಇವೇ ಬೇಕಾಗುತ್ತವೆ. ಅದೇ ನಾಗಪಟ್ಟಣದಲ್ಲಿ ಕೆಲವೇ ದಿನಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ಜಿಲ್ಲಾಡಳಿತದ ಜೊತೆ ಸೇರಿ ಒಂದು ಸಮನ್ವಯ ಕೇಂದ್ರ ತೆರೆದವು. ಯಾವ ಊರಿಗೆ ಏನು ತಲುಪಿದೆ, ಏನು ಬೇಕಾಗಿದೆ ಎಂಬ ಲೆಕ್ಕ ಒಂದೇ ಕಡೆ ಸಿಗತೊಡಗಿತು. ನಾಲ್ಕು ಪಂಗಡಗಳ ನಾಲ್ಕು ಚರ್ಚುಗಳಿರುವ ನಮ್ಮ ತಾಲೂಕು ಪೇಟೆಗಳಲ್ಲಿ ಒಂದೇ ಬೀದಿಗೆ ನಾಲ್ಕು ಸಲ ಪಲಾವು ಹೋಗಿ ಪಕ್ಕದ ಬೀದಿ ಹಸಿದಿರುವುದು ತಪ್ಪಬೇಕಾದರೆ ಇಷ್ಟೇ ಸಾಕು: ಒಂದು ಹಲಗೆ, ಒಂದು ಫೋನು, ಅದರ ಮುಂದೆ ಕೂರುವ ತಾಳ್ಮೆಯುಳ್ಳ ಒಬ್ಬ ವ್ಯಕ್ತಿ.

ಹಣದ ಬಗ್ಗೆ ಪೌಲ ಬಹಳ ಜಾಗರೂಕನಾಗಿದ್ದ. ಯೂದಾಯದ ಬಡವರಿಗೆ ಸಂಗ್ರಹಿಸಿದ ಹಣವನ್ನು ಅವನು ಒಬ್ಬನೇ ಹೊತ್ತೊಯ್ಯಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬನನ್ನು ಕಳುಹಿಸಿದ. ಯಾರೂ ಬೆರಳು ತೋರಿಸದಂತೆ ಈ ಏರ್ಪಾಡು ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿಯೇ ಹೇಳುತ್ತಾನೆ. ಇಂದಿನ ಭಾಷೆಯಲ್ಲಿ ಇಬ್ಬರ ಸಹಿ ಎನ್ನುತ್ತೇವೆ. ನೆರವಿನ ಹಣಕ್ಕೆ ಪ್ರತ್ಯೇಕ ಖಾತೆ, ಪ್ರತಿ ಭಾನುವಾರ ಆರಾಧನೆಯ ಕೊನೆಯಲ್ಲಿ ಬಂದದ್ದೆಷ್ಟು ಹೋದದ್ದೆಷ್ಟು ಎಂಬ ಪ್ರಕಟಣೆ, ಅದೇ ಲೆಕ್ಕ ರಸ್ತೆಗೆ ಕಾಣುವ ಹಲಗೆಯ ಮೇಲೆ. ರಸ್ತೆಗೆ ಕಾಣಬೇಕು ಎಂದೆ. ಏಕೆಂದರೆ ನೆರವು ಪಡೆದವರಲ್ಲಿ ಬಹಳ ಮಂದಿ ಚರ್ಚಿನ ಒಳಗೆ ಬರುವವರಲ್ಲ.

ವಿದೇಶದ ಹಣದ ವಿಷಯದಲ್ಲಿ ಉತ್ಸಾಹಕ್ಕಿಂತ ಕಾನೂನಿನ ಅರಿವು ಮುಖ್ಯ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ ಅಂಥ ವಂತಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಿಂದೆ ದೊಡ್ಡ ಸಂಸ್ಥೆ ಹಣ ಪಡೆದು ಊರ ಚರ್ಚಿಗೆ ಹಂಚುತ್ತಿದ್ದ ದಾರಿ ಮುಚ್ಚಿದೆ. ಈ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಚರ್ಚು ಹೊರದೇಶದ ಪೌರನಿಂದ ಒಂದು ರೂಪಾಯಿಯನ್ನೂ ಪಡೆಯಬಾರದು. ಆದರೆ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಕುವೈತಿನಲ್ಲೋ ದುಬೈನಲ್ಲೋ ದುಡಿಯುವ ನಮ್ಮೂರಿನವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅದೇ ಊರಿನವರು ಕೆನಡಾದ ಪೌರತ್ವ ಪಡೆದಿದ್ದರೆ ಎನಿಸುತ್ತದೆ. ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ ಒಬ್ಬನ ಹಣ ತೆಗೆದುಕೊಳ್ಳಬಹುದು, ಇನ್ನೊಬ್ಬನದು ಕೂಡದು. ಖಜಾಂಚಿಗೆ ಇದು ಗೊತ್ತಿರಬೇಕು.

ಇರುವ ಹಣವನ್ನು ಎಲ್ಲಿ ಖರ್ಚು ಮಾಡಬೇಕು? ನನ್ನ ಅಭಿಪ್ರಾಯ: ಸಾಧ್ಯವಾದಷ್ಟು ಅದೇ ಊರಿನ ಅಂಗಡಿಯಲ್ಲಿ. ಬೆಂಗಳೂರಿನಿಂದ ಕಿಟ್ ತರಿಸಿ, ಮೇಲೆ ಬ್ಯಾನರು ಕಟ್ಟಿ, ಫೋಟೊ ತೆಗೆದು ಹಂಚಿದರೆ ಆ ಪೇಟೆಯ ಕಿರಾಣಿ ಅಂಗಡಿಯವನು ಎರಡು ಸಲ ಮುಳುಗುತ್ತಾನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆದರೂ ಕ್ಯಾಮೆರಾಗಳು ಹೋದ ಮೇಲಿನ ಕಾಲದ ಬಗ್ಗೆ ಮಾತು ಕೊಟ್ಟಿದ್ದೆ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡವರಲ್ಲಿ ಅನೇಕರಿಗೆ ಜಂಬೂರು, ಮದೆನಾಡು ಮೊದಲಾದ ಕಡೆ ಹೊಸ ಮನೆಯ ಕೀಲಿಕೈ ಸಿಕ್ಕಿದ್ದು 2020ರಲ್ಲಿ. ನಡುವಿನ ಕಾಲ ಬಾಡಿಗೆ ಮನೆಗಳಲ್ಲಿ, ನೆಂಟರ ಮನೆಗಳಲ್ಲಿ ಕಳೆಯಿತು. ನಡುವೆ 2019ರ ಮಳೆಯೂ ಬಂತು. ಆ ಅವಧಿಯಲ್ಲಿ ಯಾರಿಗೂ ಅಕ್ಕಿ ಬೇಕಿರಲಿಲ್ಲ. ಕೊಚ್ಚಿಹೋದ ಆಧಾರ್, ಪಹಣಿ, ಅಂಕಪಟ್ಟಿಗಳ ನಕಲು ಬೇಕಿತ್ತು. ಅರ್ಜಿ ತುಂಬುವವರು ಬೇಕಿತ್ತು. ಕಚೇರಿಗೆ ಜೊತೆಗೆ ಬರುವವರು ಬೇಕಿತ್ತು. ಮಳೆಯ ಸದ್ದಿಗೆ ರಾತ್ರಿ ಎದ್ದು ಕೂರುವ ಮಕ್ಕಳ ಬಳಿ ಕೂರುವವರು ಬೇಕಿತ್ತು. ಇದಕ್ಕೆ ಲಾರಿ ಬೇಡ, ಬಿಡುವಿರುವ ಮೂರು ಜನ ಸಾಕು: ನಿವೃತ್ತ ಗುಮಾಸ್ತ, ನಿವೃತ್ತ ಶಿಕ್ಷಕಿ, ಕಂಪ್ಯೂಟರ್ ಬಲ್ಲ ಹುಡುಗ. ಪ್ರತಿ ಚರ್ಚಿನಲ್ಲೂ ಈ ಮೂವರು ಇದ್ದಾರೆ. ಆದ್ದರಿಂದ ಬಂದ ಹಣವನ್ನೆಲ್ಲ ಮೊದಲ ವಾರದಲ್ಲೇ ಮುಗಿಸಬಾರದು. ಕನಿಷ್ಠ ಮೂರನೆಯ ಒಂದು ಭಾಗವನ್ನು ಆರು ತಿಂಗಳ ನಂತರಕ್ಕೆ ಎತ್ತಿಡಬೇಕು ಎಂಬುದು ನನ್ನ ಸೂಚನೆ. ಮುಗಿಸಿಬಿಡಿ ಎನ್ನುವ ಒತ್ತಡ ದಾನಿಗಳಿಂದಲೇ ಬರುತ್ತದೆ. ತಡೆದುಕೊಳ್ಳಬೇಕು.

ಯಾವಾಗ ಶುರುಮಾಡುವುದು ಎಂದು ಯುವಜನ ಸಂಘದ ಗೆಳೆಯರು ಕಾರ್ಯಕ್ರಮಕ್ಕೆ ಮುಂಚೆ ಕೇಳಿದರು. ತಪಸ್ಸುಕಾಲದಲ್ಲಿ ನಮ್ಮ ಚರ್ಚುಗಳು ಹೇಗೂ ಉಪವಾಸ ಮಾಡಿ ಉಳಿಸಿದ ಹಣ ಸಂಗ್ರಹಿಸುತ್ತವೆ. ಅದರಲ್ಲೊಂದು ಪಾಲನ್ನು ವಿಪತ್ತು ನಿಧಿಗೆ ತೆಗೆದಿಡಬಹುದು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ಹುಡುಗರು ಊರಿಗೆ ಬರುತ್ತಾರೆ. ಮನೆ ಭೇಟಿ ಮಾಡಿ ಪಟ್ಟಿಯನ್ನು ಹೊಸದು ಮಾಡಲು ಅದು ತಕ್ಕ ಸಮಯ. ಆಪದ ಮಿತ್ರ ಯೋಜನೆಯಲ್ಲಿ ಸರ್ಕಾರವೇ ತರಬೇತಿ ಕೊಡುತ್ತದೆ. ಚರ್ಚಿಗೆ ಇಬ್ಬರಾದರೂ ಹೋಗಿ ಬರಲಿ, ಅವರಲ್ಲಿ ಒಬ್ಬಳು ಹುಡುಗಿಯಾಗಿರಲಿ. ಮೇ ತಿಂಗಳಲ್ಲಿ ಪಟ್ಟಿ ಪಂಚಾಯತಿಗೆ, ಸಭಾಂಗಣದ ವಿವರ ತಹಶೀಲ್ದಾರರಿಗೆ ಸೇರಬೇಕು. ಜೂನ್ ಮೊದಲ ವಾರ ಮುಂಗಾರು ನಮ್ಮ ಕರಾವಳಿ ಮುಟ್ಟುವ ಹೊತ್ತಿಗೆ ಜಿಲ್ಲೆಯ 1077 ಸಹಾಯವಾಣಿಯ ಸಂಖ್ಯೆ ಚರ್ಚಿನ ಗೋಡೆಯ ಮೇಲೆ, ಹಾಡಿನ ಸಂಖ್ಯೆ ಬರೆಯುವ ಹಲಗೆಯ ಪಕ್ಕದಲ್ಲೇ ಇರಲಿ.

ಪ್ರಶ್ನೆಗಳಿಗೆ ಹದಿನೈದು ನಿಮಿಷ ಉಳಿಸಬೇಕೆಂದು ಸೂಚನೆ ಬಂದಿದೆ. ವಿದೇಶಿ ವಂತಿಗೆಯ ಬಗ್ಗೆ ಖಜಾಂಚಿಗಳಿಗೂ, ಶಿಬಿರದ ಅಡುಗೆಯ ಬಗ್ಗೆ ಸ್ತ್ರೀಸಂಘದವರಿಗೂ ಪ್ರಶ್ನೆಗಳಿರಬಹುದು. ಮೊದಲು ಅವರಿಗೇ ಅವಕಾಶ ಕೊಡಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇನೆ.